ಟೊಮೆಟೊ ಒಲೆ ಏರಿದ ಕಥೆ

ನಾಲ್ಕು ಜನಕ್ಕೆ ಆರೋಗ್ಯದ ಮಾತು ಹೇಳಲು ಹೊರಟವರಿಗೆ ನಗೆಪಾಟಲು ತಪ್ಪಿದ್ದಲ್ಲ. ನಾವು ಹೇಳುವುದೊಂದು, ಅವರು ಮಾಡುವುದೊಂದು, ಕೊನೆಗೆ ಊರಿಗೆಲ್ಲ ಹಬ್ಬುವುದು ಮೂರನೆಯದು. ನನ್ನ ಕೆಲಸವೇ ಅದು. ಹಿರಿಯೂರಿನಲ್ಲಿ ಮನೆ ಮಾಡಿಕೊಂಡು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳನ್ನು ಸುತ್ತಿ ಊಟ ತಿಂಡಿಯ ತಿಳುವಳಿಕೆ ಹೇಳುತ್ತೇನೆ. ರಾಗಿ ಹೇಳಿದ್ದೇನೆ, ನುಗ್ಗೆಸೊಪ್ಪು ಹೇಳಿದ್ದೇನೆ. ಈ ಸಲ ಪಾಲಿಗೆ ಬಂದದ್ದು ಟೊಮೆಟೊ.

ವಿಷಯ ಬಹಳ ಸುಲಭ. ಟೊಮೆಟೊ ಕೆಂಪಗಿರುವುದು ಲೈಕೋಪೀನ್ ಎಂಬ ವಸ್ತುವಿನಿಂದ. ನಮ್ಮ ಮೈಯೊಳಗಿನ ಜೀವಕೋಶಗಳು ಸವೆದು ಹಾಳಾಗುವುದನ್ನು ತಡೆಯುವ ಗುಣ ಅದಕ್ಕಿದೆ. ಹೃದಯಕ್ಕೂ ರಕ್ತನಾಳಗಳಿಗೂ ಒಳ್ಳೆಯದು ಎನ್ನುತ್ತಾರೆ. ಹಸಿಯಾಗಿ ತಿಂದರೆ ಸಿ ವಿಟಮಿನ್ ಚೆನ್ನಾಗಿ ಸಿಗುತ್ತದೆ, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ ಬೇಯಿಸಿದರೆ ಈ ಕೆಂಪು ವಸ್ತು ಮೈಗೆ ಚೆನ್ನಾಗಿ ಹತ್ತುತ್ತದೆ. ಇಷ್ಟೇ. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ನನಗೆ ಒಂದು ಇಡೀ ಬೆಳೆಯ ಕಾಲವೇ ಬೇಕಾಯಿತು.

ಹೊಸ್ತಿಲ ಆಚೆ

ಬಾಗೂರಿನಿಂದ ಮುಂದೆ ಒಂದು ಹಳ್ಳಿ. ಬಸ್ ಇಳಿಯುತ್ತಿದ್ದಂತೆ ಆ ಊರಿನ ಮಹಿಳಾ ಸಂಘದ ಅಧ್ಯಕ್ಷೆ ನನ್ನನ್ನು ಕಾದು ನಿಂತಿದ್ದಳು. ಚುರುಕು ಹೆಂಗಸು. ದಾರಿಯುದ್ದಕ್ಕೂ ಒಂದೇ ಮಾತು.

"ಮೇಡಂ, ಸಂಘದ ಬೋರ್ಡ್ ಹಾಕಿ ಐದು ವರ್ಷ ಆತು. ಬೋರ್ಡಿಗೆ ಬಣ್ಣ ಹೊಡೆದಿದ್ದು ಬಿಟ್ರೆ ಬೇರೆ ಕೆಲಸ ಇಲ್ಲ. ಈ ಸಲ ಟಮಾಟೆ ತೊಕ್ಕು ಮಾಡಾಣ ಅಂತ ಎಲ್ಲಾರೂ ಸೇರೀವಿ. ಹೊಲದಾಗೆ ಹಣ್ಣು ಐತೆ, ಮನೇಲಿ ಕೈ ಅವೆ. ಈ ಬೆಳೆ ಮುಗಿಯೋದ್ರೊಳಗೆ ಶುರು ಆಗ್ಲಿಲ್ಲ ಅಂದ್ರೆ ಸಂಘ ಮುರೀತು. ಅರ್ಧ ಜನ ಈಗ್ಲೇ ಬ್ಯಾರೆ ಕೂಲಿಗೆ ಹೋಗ್ತೀವಿ ಅಂತವ್ರೆ."

"ಮತ್ತೆ ತಡ ಯಾಕೆ? ಶುರು ಮಾಡಿ."

"ತೊಕ್ಕು ಕಾಯ್ಸೋ ಅಷ್ಟು ದೊಡ್ಡ ಒಲೆ, ಕೊಪ್ಪರಿಗೆ ಈ ಊರಾಗೆ ಇರೋದು ಒಂದೇ ಮನೇಲಿ. ನಮ್ಮನೇಲಿ."

"ಮತ್ತೇನಮ್ಮ?"

"ಅಲ್ಲಿ ನಮ್ಮತ್ತೆನೂ ಅವರೆ."

ಅತ್ತೆ ಎಂದರೆ ಊರಿಗೇ ಅಜ್ಜಿ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು ನಕ್ಕರು. ನನ್ನ ಕೈಯಲ್ಲಿದ್ದ ಟೊಮೆಟೊ ಚೀಲ ಕಂಡು ನಗು ನಿಲ್ಲಿಸಿದರು.

"ಬರ್ರಿ ತಾಯಿ, ಕುಂತ್ಕಳ್ರಿ. ಮಜ್ಜಿಗೆ ಕುಡೀರಿ. ಆ ಹಣ್ಣು ಮಾತ್ರ ಹೊಸ್ತಿಲ ಆಚೆ ಇರ್ಲಿ."

"ಯಾಕಜ್ಜಿ?"

"ದೇವರಿಗೆ ಎಡೆ ಇಡದ ಹಣ್ಣು. ನಮ್ಮತ್ತೆ ಒಲೆ ಮೇಲೆ ಇಟ್ಟಿಲ್ಲ, ಅವರತ್ತೆ ಇಟ್ಟಿಲ್ಲ. ಹಿತ್ತಲಾಗೆ ಹುಣಸೆ ಮರ ಐತೆ. ಹುಳಿಗೆ ನಂಗೇನು ಬರ?"

ನಾನು ಬಿಟ್ಟೇನೆಯೇ? ಲೈಕೋಪೀನ್, ಹೃದಯ, ರಕ್ತನಾಳ, ಎಣ್ಣೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅಜ್ಜಿ ಕಣ್ಣು ಮಿಟುಕಿಸದೆ ಕೇಳಿದರು. ಗೆದ್ದೆ ಎಂದುಕೊಂಡೆ.

"ಚೆನ್ನಾಗಿ ಹೇಳಿದ್ರಿ. ನಿಮಗೆ ವಯಸ್ಸೆಷ್ಟು ತಾಯಿ?"

"ನಲವತ್ತು ದಾಟಿದೆ ಅಜ್ಜಿ."

"ಮೊಣಕಾಲು ನೋಯ್ತಾವಾ?"

"ಸ್ವಲ್ಪ."

"ಬಿಪಿ ಮಾತ್ರೆ?"

"ಹೋದ ವರ್ಷದಿಂದ."

ಅಜ್ಜಿ ಸೊಸೆಯ ಕಡೆ ತಿರುಗಿದರು. "ನಂಗೆ ಎಂಬತ್ತು ದಾಟೈತೆ, ಇವತ್ತಿನವರೆಗೆ ಒಂದು ಮಾತ್ರೆ ನುಂಗಿಲ್ಲ. ಪಾಪ, ಮೇಡಮ್ಮೋರಿಗೆ ಒಂದು ಹಿಡಿ ಹುಣಸೆಹಣ್ಣು ಕಟ್ಟಿಕೊಡು."

ಕುಡುಗೋಲಿನ ಸಾಕ್ಷಿ

ನನಗೆ ಸೋಲು ಒಗ್ಗುವುದಿಲ್ಲ. ಹುಣಸೆಹಣ್ಣಿನ ಪೊಟ್ಟಣ ಹಿಡಿದು ಬಸ್ಸಿನಲ್ಲಿ ಕುಳಿತಾಗಲೇ ನಿರ್ಧಾರ ಮಾಡಿದೆ: ಬೇರೆ ಊರುಗಳಲ್ಲಿ ಟೊಮೆಟೊ ಗೆದ್ದು ತೋರಿಸುತ್ತೇನೆ, ಆ ಗೆಲುವಿನ ಸುದ್ದಿ ಅಜ್ಜಿಯ ಪಡಸಾಲೆ ಮುಟ್ಟುವ ಹಾಗೆ ಮಾಡುತ್ತೇನೆ. ಸುದ್ದಿ ಮುಟ್ಟಿಸುವ ಕೆಲಸ ಸೊಸೆಯದು.

ಮೊದಲು ಬಬ್ಬೂರಿನ ಹತ್ತಿರದ ಒಂದು ಊರಿನಲ್ಲಿ ಸಭೆ. ನನಗೆ ಕೊಟ್ಟಿದ್ದ ಕರಪತ್ರದಲ್ಲಿ 'ಉತ್ಕರ್ಷಣ ನಿರೋಧಕ' ಎಂದು ಅಚ್ಚಾಗಿತ್ತು. ಅದನ್ನು ಓದಿ ಹೇಳುವಷ್ಟರಲ್ಲಿ ಮುಂದಿನ ಸಾಲಿನ ಇಬ್ಬರು ಎದ್ದು ಹೋದರು. ನನಗೆ ರೇಗಿತು. ಕರಪತ್ರ ಮಡಿಸಿ ಬದಿಗಿಟ್ಟು, "ನೋಡಿ, ಕಬ್ಬಿಣ ಗಾಳಿಗೆ ಬಿಟ್ಟರೆ ತುಕ್ಕು ಹಿಡಿಯುತ್ತಲ್ಲ, ವಯಸ್ಸಾದ ಹಾಗೆ ನಮ್ಮ ಮೈಗೂ ಒಳಗೊಳಗೇ ಹಾಗೆ ಆಗುತ್ತೆ. ಅದನ್ನು ತಡೆಯೋ ಗುಣ ಟೊಮೆಟೊದಲ್ಲಿದೆ" ಎಂದೆ. ಜನ ತಲೆದೂಗಿದರು. ಎದ್ದು ಹೋದವರೂ ವಾಪಸು ಬಂದು ಕುಳಿತರು.

ಮುಂದಿನ ವಾರ ಅದೇ ಊರಿಗೆ ಹೋದರೆ ಒಬ್ಬ ಯಜಮಾನರು ರಸ್ತೆಯಲ್ಲೇ ಕುಡುಗೋಲು ಹಿಡಿದು ನನ್ನ ಕಡೆ ಓಡಿ ಬಂದರು. ಏನು ತಪ್ಪು ಹೇಳಿದೆನೋ ಎಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಮೇಡಮ್ಮೋರೆ, ನೋಡ್ರಿ! ಅಟ್ಟದ ಮೇಲೆ ಬಿದ್ದು ಕೆಂಪಗೆ ತುಕ್ಕು ಹಿಡಿದಿತ್ತು. ನೀವು ಹೇಳಿದ ಮೇಲೆ ಟಮಾಟೆ ಕೊಯ್ದು ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಉಜ್ಜಿದ್ರೆ ಹೆಂಗೆ ಹೊಳೀತೈತೆ ನೋಡ್ರಿ!"

ಹುಳಿ ತಗುಲಿದರೆ ತುಕ್ಕು ಬಿಡುವುದು ಹಳೆಯ ಸಂಗತಿ. ಅದಕ್ಕೂ ಲೈಕೋಪೀನಿಗೂ ಸಂಬಂಧವೇ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹಿಂದೆ ಊರೇ ನೆರೆದಿತ್ತು. ಒಬ್ಬರ ಕೈಯಲ್ಲಿ ಮಚ್ಚು, ಒಬ್ಬರ ಕೈಯಲ್ಲಿ ಸನಿಕೆ, ಇನ್ನೊಬ್ಬರು ಗೇಟಿನ ಚಿಲಕವನ್ನೇ ಬಿಚ್ಚಿ ತಂದಿದ್ದರು. ಎಲ್ಲವೂ ಫಳಫಳ. "ಕಬ್ಬಿಣಕ್ಕೇ ಇಷ್ಟು ಮಾಡೋದು ಮನುಷ್ಯನಿಗೆ ಎಷ್ಟು ಮಾಡ್ಬೇಕು?" ಎಂದು ಯಜಮಾನರು ಭಾಷಣ ಮುಗಿಸಿದರು. ಆ ಊರಿನಲ್ಲಿ ಈಗ ಟೊಮೆಟೊ ಇಲ್ಲದ ಸಾರಿಲ್ಲ. ನಾನು ನಿಧಾನವಾಗಿ ಕೂರಿಸಿಕೊಂಡು ಹುಳಿ ಬೇರೆ, ಮೈಯೊಳಗಿನ ಕೆಲಸ ಬೇರೆ ಎಂದು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, ಪಂಚೆ ಎತ್ತಿ ಮೊಣಕಾಲು ತೋರಿಸಿದರು.

"ಅದೆಲ್ಲ ಇರ್ಲಿ ಮೇಡಮ್ಮೋರೆ. ಇದಕ್ಕೆ ಹಚ್ಚಾಕೆ ಹಣ್ಣು ಆಗ್ಬೇಕಾ, ದೋರಗಾಯಿ ನಡೀತೈತಾ?"

ಸೊಸೆಗೆ ಫೋನ್ ಮಾಡಿ ಗೆಲುವಿನ ಸುದ್ದಿ ಹೇಳಿದೆ. ಅವಳು ಅತ್ತೆಗೆ ಹೇಳಿದಳು. ಅತ್ತೆಯ ಉತ್ತರ ಸಂಜೆಯೊಳಗೆ ನನಗೆ ಬಂತು: "ಹುಣಸೆಹಣ್ಣಾಗೆ ದೇವರ ತಂಬಿಗೆ ಬೆಳಗ್ತೀನಿ. ಕಬ್ಬಿಣ ಯಾವ ಲೆಕ್ಕ ಅಂತ ಹೇಳು."

ಕುರಿಯಲ್ಲಿ ಸಿಗದ ಕಲ್ಲು

ಹೊಳಲ್ಕೆರೆ ಕಡೆಯ ಸಭೆಯಲ್ಲಿ ಒಬ್ಬ ಹಿರಿಯರಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತರು. "ಟಮಾಟೆ ತಿಂದ್ರೆ ಕಿಡ್ನಿಯಾಗೆ ಕಲ್ಲು ಆಗ್ತಾವೆ. ವಾಟ್ಸಾಪಿನಾಗೆ ಬಂದೈತೆ."

ಈ ಕಲ್ಲನ್ನು ನಾನು ಎಷ್ಟು ಊರುಗಳಲ್ಲಿ ಎತ್ತಿ ಹಾಕಿದ್ದೇನೋ. ಆರೋಗ್ಯವಾಗಿರುವವರು ಊಟದಲ್ಲಿ ಹಿತಮಿತವಾಗಿ ತಿನ್ನುವ ಟೊಮೆಟೊಗೆ ಹೆದರಬೇಕಿಲ್ಲ, ಈಗಾಗಲೇ ಕಿಡ್ನಿಯ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ತಿನ್ನಬೇಕು ಎಂದೆ. ಹಿರಿಯರು ಒಪ್ಪಲಿಲ್ಲ. ಮೊಬೈಲ್ ಎತ್ತಿ ತೋರಿಸಿದರು. ಅದರಲ್ಲಿ ಟೊಮೆಟೊ ಚಿತ್ರ, ಪಕ್ಕದಲ್ಲಿ ಒಂದು ಕಲ್ಲಿನ ಚಿತ್ರ. ಸಭೆ ಕಲ್ಲಿನ ಕಡೆ ವಾಲಿತು.

ಆಗ ಹಿಂದಿನಿಂದ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಕೆಮ್ಮಿ ಎದ್ದ.

"ಲೇ ಮಾವ, ನಿನ್ನ ಕಲ್ಲು ಒಳಗೆ ಇಟ್ಕ. ಕಡೇ ಕುಯ್ಲು ಮುಗಿದ ಮ್ಯಾಲೆ ಟಮಾಟೆ ಹೊಲಕ್ಕೆ ನನ್ನ ಕುರಿನೇ ಬಿಡ್ತಾರೆ. ಹಣ್ಣು ಬಿದ್ದಿರ್ತಾವೆ, ಹೊಟ್ಟೆ ಬಿರಿಯಂಗೆ ತಿಂತಾವೆ. ನನ್ನ ಕೈಯಾಗೆ ಎಷ್ಟು ಕುರಿ ಕೊಯ್ದೀನಿ ಅಂತ ನಿಂಗೇ ಗೊತ್ತು. ಎಲ್ಲಾ ಹಬ್ಬಕ್ಕೂ ನನ್ನತ್ರನೇ ಬರ್ತೀಯ. ಯಾವತ್ತಾದ್ರೂ ಒಂದು ಕಲ್ಲು ಹಲ್ಲಿಗೆ ಸಿಕ್ಕೈತಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಹಿರಿಯರು ಮೊಬೈಲ್ ಜೇಬಿಗೆ ಹಾಕಿಕೊಂಡರು. ಕುರಿಯ ಸಾಕ್ಷಿ ಮನುಷ್ಯನಿಗೆ ನಡೆಯುವುದಿಲ್ಲ, ಅದು ಸರಿಯಾದ ಪರೀಕ್ಷೆಯೇ ಅಲ್ಲ, ನನಗೆ ಗೊತ್ತು. ಆದರೆ ನನ್ನ ಅಷ್ಟು ವರ್ಷದ ಓದು ಮಾಡದ ಕೆಲಸವನ್ನು ಅವನ ಒಂದು ಮಾತು ಮಾಡಿತ್ತು. ಅವನಿಗೆ ಕೈಮುಗಿದೆ. ಖುಷಿಯಿಂದ ಸಭೆಯ ಕಡೆ ತಿರುಗಿ, ಎಣ್ಣೆಯಲ್ಲಿ ಬೇಯಿಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದೂ ಹೇಳಿ, "ಹಾಗಾದರೆ ಇವತ್ತಿನಿಂದ ಯಾರು ಯಾರು ಟೊಮೆಟೊ ತಿನ್ನುತ್ತೀರಿ?" ಎಂದು ಕೇಳಿದೆ.

ನಾಲ್ಕೈದು ಕೈ ಮೇಲೆದ್ದವು. ಉಳಿದವರೆಲ್ಲ ಕುರಿಗಾಹಿಯ ಸುತ್ತ ಸೇರಿದ್ದರು. "ಆ ಟಮಾಟೆ ತಿಂದ ಕುರಿ ಯಾವತ್ತು ಕೊಯ್ತೀಯಪ್ಪ?"

ನಾನು ಹಣೆ ಚಚ್ಚಿಕೊಂಡಿದ್ದನ್ನು ಕಂಡು ಆ ಹಿರಿಯರೇ ಸಮಾಧಾನ ಹೇಳಿದರು. "ಬೇಜಾರ್ ಮಾಡ್ಕಬ್ಯಾಡ್ರಿ ಮೇಡಂ. ಎಣ್ಣೆ ಹಾಕಿ ಚೆನ್ನಾಗಿ ಬೇಯ್ಸಿದ್ರೆ ಮೈಗೆ ಹತ್ತುತೈತೆ ಅಂತ ನೀವೇ ಹೇಳಿದ್ರಲ್ಲ? ಕುರಿನ ಹಂಗೇ ಬೇಯಿಸ್ತೀವಿ."

ಒಗ್ಗರಣೆ ಜ್ಯೂಸ್

ಚಿತ್ರದುರ್ಗದಲ್ಲಿ ಚಂದ್ರವಳ್ಳಿಯ ಕಡೆ ಬೆಳಗ್ಗೆ ವಾಕಿಂಗ್ ಹೋಗುವ ಗೆಳೆಯರ ಒಂದು ಗುಂಪಿದೆ. ಎಲ್ಲರೂ ನಿವೃತ್ತರು. ನಡೆದು ಬಂದು ರಸ್ತೆ ಬದಿಯ ಗಾಡಿಯಲ್ಲಿ ಒಂದೊಂದು ಲೋಟ ಹಸಿ ಟೊಮೆಟೊ ಜ್ಯೂಸ್ ಕುಡಿದು, ನೂರು ವರ್ಷ ಬದುಕುವ ಮುಖ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಒಂದು ದಿನ ನನ್ನನ್ನೂ ಕರೆದು ನಾಲ್ಕು ಮಾತು ಹೇಳಿಸಿದರು. ಹಸಿ ಜ್ಯೂಸ್ ತಪ್ಪಲ್ಲ, ಆದರೆ ಎಣ್ಣೆಯಲ್ಲಿ ಬೆಂದದ್ದರಲ್ಲಿ ಲೈಕೋಪೀನ್ ಚೆನ್ನಾಗಿ ಸಿಗುತ್ತದೆ ಎಂದು ಹೇಳಿ ಬಂದೆ.

ಎರಡು ದಿನ ಬಿಟ್ಟು ಹೋದರೆ ಒಬ್ಬರು ಜೇಬಿನಿಂದ ಸಣ್ಣ ಬಾಟಲಿ ತೆಗೆದು ಜ್ಯೂಸಿನ ಲೋಟಕ್ಕೆ ಕಡ್ಲೇಕಾಯಿ ಎಣ್ಣೆ ತೊಟ್ಟಿಕ್ಕಿಸುತ್ತಿದ್ದರು. ಪಕ್ಕದವರು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು. ಗಾಡಿಯವನಿಗೆ ಇದನ್ನು ನೋಡಲಾಗಲಿಲ್ಲ.

"ಸಾರ್, ಎಣ್ಣೆ ಹಂಗೇ ಕುಡಿಬ್ಯಾಡ್ರಿ. ನಾಳೆ ನಾನೇ ಒಂದು ವ್ಯವಸ್ಥೆ ಮಾಡ್ತೀನಿ."

ಮಾರನೆಯ ದಿನ ಗಾಡಿಗೆ ಒಂದು ಸಣ್ಣ ಸ್ಟವ್ ಬಂತು. ಹಣ್ಣನ್ನು ಎಣ್ಣೆಯಲ್ಲಿ ಬಾಡಿಸಿ, ನೀರು ಬೆರೆಸಿ ಕುದಿಸಿ, ಸೋಸಿ ಕೊಟ್ಟ. ಸಪ್ಪೆಯಾಯಿತು ಎಂದರು. ಉಪ್ಪು ಹಾಕಿದ. ಘಮ ಇಲ್ಲ ಎಂದರು. ಸಾಸಿವೆ, ಕರಿಬೇವು ಚಟಪಟ ಎಂದವು. ಬೆಳ್ಳುಳ್ಳಿ ಇದ್ದರೆ ಹೃದಯಕ್ಕೆ ಇನ್ನೂ ಒಳ್ಳೆಯದು ಎಂದು ಒಬ್ಬರು ಸಲಹೆ ಕೊಟ್ಟರು. ಬೆಳ್ಳುಳ್ಳಿ ಬಿತ್ತು. ವಾರದೊಳಗೆ ಮೆಣಸಿನ ಪುಡಿಯೂ ಬಿತ್ತು. 'ಹೆಲ್ತ್ ಜ್ಯೂಸ್' ಎಂದು ಬೋರ್ಡ್ ಬಂತು. ವಾಕಿಂಗ್ ಮಾಡದವರೂ ಕ್ಯೂ ನಿಂತರು.

ನಾನು ಎದೆಯುಬ್ಬಿಸಿ ನಿಂತು ಈ ಗೆಲುವು ನೋಡುತ್ತಿದ್ದೆ. ಗುಂಪಿನಲ್ಲಿ ಒಬ್ಬರ ಹೆಂಡತಿ ಅವತ್ತು ಜೊತೆಗೆ ಬಂದಿದ್ದರು. ಒಂದು ಗುಟುಕು ಕುಡಿದರು, ಗಂಡನ ಮುಖ ನೋಡಿದರು.

"ಮೂವತ್ತು ವರ್ಷದಿಂದ ಇದನ್ನೇ ಮಾಡಿ ಬಡಿಸ್ತಾ ಬಂದೀನಿ. 'ಇವತ್ತೂ ಸಾರೇನಾ' ಅಂತ ಮುಖ ಸಿಂಡರಿಸ್ತೀರಿ. ಇಲ್ಲಿ ಕತ್ತಲಲ್ಲಿ ಎದ್ದು ಬಂದು, ದುಡ್ಡು ಕೊಟ್ಟು, ನಿಂತ್ಕಂಡು ಕುಡೀತೀರಲ್ಲ!"

ಎಡಕ್ಕೆ ಬಿದ್ದ ಹೂ

ಹೊಲದಲ್ಲಿ ಕೊನೆಯ ಕುಯ್ಲು ಹತ್ತಿರ ಬಂದಿತ್ತು. ಸೊಸೆಯ ಫೋನ್ ಬಂದಾಗ ಅವಳ ದನಿ ಬಿದ್ದುಹೋಗಿತ್ತು.

"ಮೇಡಂ, ನೀವು ಹೇಳಿದ್ದೆಲ್ಲ ಹೇಳ್ದೆ. ಕಡೆಗೆ ಅತ್ತುಬಿಟ್ಟೆ. ಅದಕ್ಕೆ ನಮ್ಮತ್ತೆ, ಊರಮ್ಮ ಹ್ಞೂಂ ಅಂದ್ರೆ ನಾನ್ಯಾರು ಬ್ಯಾಡ ಅನ್ನಾಕೆ, ಮಂಗಳವಾರ ಹೂ ಕೇಳಾಣ ಅಂದವ್ರೆ. ನೀವೂ ಬರ್ರಿ."

ಹೂ ಕೇಳುವುದು ಆ ಕಡೆಯ ರೂಢಿ. ಪೂಜಾರಿ ಅಮ್ಮನ ಮೂರ್ತಿಯ ಎರಡು ಕಡೆಗೂ ಹೂ ಏರಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೂರಬೇಕು. ಬಲಗಡೆಯ ಹೂ ಬಿದ್ದರೆ ಅಮ್ಮ ಹ್ಞೂಂ ಎಂದ ಹಾಗೆ, ಎಡಗಡೆಯದು ಬಿದ್ದರೆ ಊಹೂಂ. ಮದುವೆ, ಬಾವಿ, ಮನೆ ಕಟ್ಟುವುದು ಎಲ್ಲಕ್ಕೂ ಇದೇ ಅಪ್ಪಣೆ. ಟೊಮೆಟೊಗೆ ಕೇಳಿದ್ದು ಅದೇ ಮೊದಲು.

ಗುಡಿಯ ಮುಂದೆ ಸಂಘದ ಹೆಂಗಸರೆಲ್ಲ ಇದ್ದರು. ಸೊಸೆ ಒಂದು ಬುಟ್ಟಿ ಹಣ್ಣು ತಂದು ಬಾಗಿಲ ಹತ್ತಿರ ಇಟ್ಟಿದ್ದಳು. ಅಜ್ಜಿ ಮಡಿಯುಟ್ಟು ಅಮ್ಮನ ಎದುರು ಕುಳಿತರು. ನನ್ನ ಕಡೆ ತಿರುಗಿ ಒಂದು ನಗೆ ನಕ್ಕರು. ತನ್ನ ತವರಿಗೆ ಬಂದವಳ ನಗೆ ಅದು. ನಲವತ್ತು ವರ್ಷ ಮಂಗಳವಾರ ತಪ್ಪದೆ ಆ ಗುಡಿಗೆ ಬಂದವರು ಅವರು. ನನ್ನ ಓದು, ಕರಪತ್ರ, ಭಾಷಣ ಎಲ್ಲ ಈಗ ಒಂದು ಸೇವಂತಿಗೆ ಹೂವಿನ ಮೇಲೆ ನಿಂತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಕಣ್ಣು ಮುಚ್ಚಿ, "ತಾಯಿ, ಬಲಕ್ಕೆ ಕೊಡಮ್ಮ" ಎಂದು ಬೇಡಿಕೊಂಡೆ.

ಬಹಳ ಹೊತ್ತು ಯಾವ ಹೂವೂ ಅಲುಗಲಿಲ್ಲ. ಪೂಜಾರಿ ಗಂಟೆ ಬಾರಿಸಿದ. ಹಿಂದೆ ಯಾರೋ ಬಿಕ್ಕಳಿಸಿದರೆ ಉಳಿದವರು ಗದರಿಸಿದರು. ಆಮೇಲೆ ಒಂದು ಹೂ ಮೆಲ್ಲಗೆ ಜಾರಿತು.

ಎಡಕ್ಕೆ.

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಬುಟ್ಟಿ ಎತ್ತಿಕೊಂಡಳು. ಹೆಂಗಸರು ಒಬ್ಬೊಬ್ಬರೇ ಮೆಟ್ಟಿಲು ಇಳಿದರು. ಸೋತದ್ದಕ್ಕಿಂತ ಹೆಚ್ಚಾಗಿ, ನನಗೆ ಸೊಸೆಯ ಮುಖ ನೋಡಲಾಗುತ್ತಿರಲಿಲ್ಲ. ಅಜ್ಜಿಯಾದರೂ ಗೆದ್ದ ಸಂತೋಷದಲ್ಲಿ ಇರಬೇಕಲ್ಲ ಎಂದು ತಿರುಗಿ ನೋಡಿದೆ. ಅವರು ಕುಳಿತಲ್ಲೇ ಕುಳಿತಿದ್ದರು. ಮುಖ ಹುಳ್ಳಗಾಗಿತ್ತು. ಅಮ್ಮನನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಲೇ, ನಿಂತ್ಕಳೇ," ಎಂದು ಸೊಸೆಯನ್ನು ಕೂಗಿದರು.

"ಏನತ್ತೆ?"

"ಬುಟ್ಟಿ ಕೆಳಗಿಡು."

"ಯಾಕೆ? ಅಮ್ಮ ಬ್ಯಾಡ ಅಂದ್ಲಲ್ಲ."

"ಬ್ಯಾಡ ಅಂದಿದ್ದು ನಿಂಗಲ್ಲ, ನಂಗೆ." ಅಜ್ಜಿ ನಿಟ್ಟುಸಿರು ಬಿಟ್ಟರು. "ಟಮಾಟೆ ಒಲೆ ಮೇಲೆ ಇಡಾಣಾ ಅಂತ ನಾನು ಕೇಳ್ಲಿಲ್ಲ. ಅದು ನನ್ನ ಒಲೆ ಹತ್ರ ಬರಬಾರದು ಅನ್ನೋದು ನಿಂಗೂ ಒಪ್ಪಿಗೆನಾ ತಾಯಿ, ಒಪ್ಪಿಗೆ ಇದ್ರೆ ಬಲಕ್ಕೆ ಕೊಡು ಅಂತ ಕೇಳ್ದೆ. ಇಷ್ಟು ವರ್ಷ ಪೂಜೆ ಮಾಡೀನಿ, ನನ್ನ ಮಾತೇ ಎತ್ತಿ ಹಿಡೀತಾಳೆ ಅಂದ್ಕಂಡೆ. ಎಡಕ್ಕೆ ಕೊಟ್ಟುಬಿಟ್ಲು."

ಮನಸ್ಸಿನಲ್ಲಿ ಕೇಳಿದ್ದು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮಾತು ಪೂಜಾರಿಯೂ ಅಂದ. ಅಜ್ಜಿ ಅವನ ಮೇಲೆ ಎಗರಿದರು. "ನಿಂಗೆ ಗೊತ್ತಾಗಲ್ಲ ಕಣೋ, ಈ ಅಮ್ಮನಿಗೆ ಗೊತ್ತಲ್ಲ! ಮುಂದಿನ ಮಂಗಳವಾರ ಯಾವ ಮುಖ ಹೊತ್ಕಂಡು ಬರ್ಲಿ?"

ಹೆಂಗಸರು ಕೇಕೆ ಹಾಕಿದರು. ಸೊಸೆ ಅತ್ತೆಯ ಕಾಲು ಹಿಡಿಯಲು ಹೋಗಿ ಅವರನ್ನೇ ತಬ್ಬಿಕೊಂಡಳು. "ಬಿಡೇ, ಮಡೀಲಿ ಇದೀನಿ" ಎಂದು ಅಜ್ಜಿ ಬೈದರು, ಆದರೆ ಬಿಡಿಸಿಕೊಳ್ಳಲಿಲ್ಲ. ನಾನು ಗುಡಿಯೊಳಗೆ ಇದ್ದೇನೆ ಎನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದೆ.

ಅವತ್ತು ಮಧ್ಯಾಹ್ನವೇ ಕೊಪ್ಪರಿಗೆ ಒಲೆ ಏರಿತು. ಕಡ್ಲೇಕಾಯಿ ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಹಣ್ಣು ಬಿತ್ತು. ಅಜ್ಜಿ ಮೊದಲು ದೂರ ಕುಳಿತು ಮೂಗು ಮುರಿದರು. ಆಮೇಲೆ ಹತ್ತಿರ ಬಂದು ಸೌಟು ಕಿತ್ತುಕೊಂಡರು. ತೊಕ್ಕು ಗಟ್ಟಿಯಾಗಿ ಎಣ್ಣೆ ಬಿಡುವ ಹೊತ್ತಿಗೆ ನಾಲಿಗೆಗೆ ಒಂದಿಷ್ಟು ಹಚ್ಚಿಕೊಂಡು ಕಣ್ಣು ಮುಚ್ಚಿದರು.

"ಒಂದು ಉಂಡೆ ಹುಣಸೆಹಣ್ಣು ತಗಂಬರ್ರಿ."

"ಅಜ್ಜಿ, ಟೊಮೆಟೊದಲ್ಲೇ ಹುಳಿ ಇದೆಯಲ್ಲ," ಎಂದೆ.

"ಟಮಾಟೆ ವಿಷಯ ಅಮ್ಮ ನೋಡ್ಕಂಡ್ಲು. ಹುಣಸೆ ವಿಷಯ ನಾನು ನೋಡ್ಕಂತೀನಿ."

ಹಾಕಿದರು. ಸುಳ್ಳು ಹೇಳಬಾರದು, ರುಚಿ ಎರಡು ಪಟ್ಟಾಯಿತು.

ಮುಂದಿನ ವಾರ ಹೊಸದುರ್ಗದ ಸಂತೆಯಲ್ಲಿ ಸಂಘದ ಹೆಂಗಸರು ಸಾಲಾಗಿ ಬಾಟಲಿ ಜೋಡಿಸಿಕೊಂಡು ಕುಳಿತರು. ನಡುವೆ ಅಜ್ಜಿ. ನಾನು ಹಿಂದೆ ನಿಂತು, ಇದು ಔಷಧಿಯಲ್ಲ, ಒಳ್ಳೆಯ ಊಟ, ಮೈಗೆ ಹಿತ ಎಂದು ಹೇಳಿ ಎಂದು ಎಲ್ಲರಿಗೂ ಪಾಠ ಮಾಡಿದ್ದೆ. ಬಾಟಲಿಗಳು ಬಿಸಿ ಬೋಂಡಾ ಥರ ಖಾಲಿಯಾಗುತ್ತಿದ್ದವು. ಕೊನೆಯ ಬಾಟಲಿ ಉಳಿದಾಗ ಒಬ್ಬ ದಪ್ಪನೆಯ ಮನುಷ್ಯ ಬಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಜ್ಜಿ, ನಂಗೆ ಬಿಪಿ ಐತೆ, ಶುಗರ್ ಐತೆ, ಗ್ಯಾಸೂ ಐತೆ. ಇದು ತಿಂದ್ರೆ ಏನಾದ್ರೂ ಆಗುತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಿದ್ದರು.

"ಏನಪ್ಪ, ನನ್ನಂಥೋಳನ್ನೇ ಸೋಲ್ಸಿ ಒಲೆ ಏರಿದ ಹಣ್ಣು ಇದು. ನಿನ್ನ ಗ್ಯಾಸು ಯಾವ ಊರ ದಾಸಯ್ಯ?"